ಇಪ್ಪತ್ತು-ಮೂವತ್ತರ ಸಾಲು

ಬೀದರ ಊರಾಗ ನೀವು ಎಲ್ಲೇ ನಿಂದ್ರಿ, ನಿಮ್ಮ ಕಾಲ ಕೆಳಗ ನಂದೊಂದು ಗೆರಿ ಇರ್ತದ. ಬಡಾಯಿ ಅಂತೀರಿ? ಅನ್ರಿ. ನಗರ ಯೋಜನಾ ಆಫೀಸಿನ್ಯಾಗ ಸರ್ವೇರ್ ಅಂತ ಸೇರಿ, ಕೂದಲ ಹಣ್ಣಾಗೋ ತನಕ ಈ ಊರು ಅಳದವ ನಾ. ಸುಲ್ತಾನರ ಕ್ವಾಟಿ ಒಂದು ಬಿಟ್ಟು. ಅದನ್ನ ನನ್ನ ಕೇಳದೇ ಕಟ್ಟಿಬಿಟ್ಟಾರ.

ಎರಡು-ಮೂರು ತಿಂಗಳ ಹಿಂದ ಆಫೀಸಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಹೊಸದಾಗಿ ಕೆಲಸಕ್ಕ ಬಂದಾನ, ದನಿಯಾಗ ಇನ್ನಾ ಹೆದರಿಕಿ ಅದ.

"ಸರ್, ಮೈಲೂರ ಕಡಿ ಒಂದು ಲೇಔಟ್ ಅದಲ್ರಿ, ಅದರ ಹಿಂದಿನ ಸಾಲು ಪೂರಾ ಇಪ್ಪತ್ತು-ಮೂವತ್ತರ ಪ್ಲಾಟ್ ಅವ. ಎರಡು ಪ್ಲಾಟ್ ಕೂಡಿಸಿ ಒಂದು ಮಾಡಬಾರದು ಅಂತ ಶರತ್ತು ಹಾಕ್ಯಾರ. ಇಂಥಾ ಶರತ್ತು ನಾ ಮತ್ತೆಲ್ಲೂ ನೋಡಿಲ್ಲ. ಈಗ ಅದನ್ನ ತಗೀರಿ ಅಂತ ಅರ್ಜಿ ಬಂದದ. ನೀವಿದ್ದಾಗ ಆಗಿದ್ದಂತ. ಯಾಕ ಹಾಕಿದ್ರಿ ಸರ್?"

"ನನಗ ಹುಚ್ಚ ಹಿಡದಿತ್ತು ತಮ್ಮಾ, ಅದಕ್ಕ" ಅಂದೆ.

ಪಾಪ, ಅವ "ಆತ್ರಿ ಸರ್" ಅಂತ ಬರಕೊಂಡನೋ ಏನೋ. ಆಮ್ಯಾಲ ಅರ್ಜಿ ಯಾರ್ದು ಅಂತ ಕೇಳಿದೆ. ಎರಡು ಹೆಸರು ಹೇಳಿದ. ಒಂದು ಆ ಸಾಲಿನ ಬಾಜೂ ರಸ್ತೆದ ಡಾಕ್ಟರಂದು, ಅದು ನನಗ ಗೊತ್ತಿದ್ದದ್ದೇ. ಇನ್ನೊಂದು ಜುಬೇದಾ ಭಾಭಿದು. ನನ್ನ ಚೈನ್‌ಮನ್ ಖಾಜಾ ಮಿಯಾನ ಹೆಂಡತಿ. ಎರಡನೇ ಹೆಸರು ಕೇಳಿ ನನ್ನ ಬಾಯಾಗಿನ ಮಸ್ಕಿರಿ ಬಾಯಾಗೇ ಉಳೀತು.

ಯಾಕಂದ್ರ ಆ ಶರತ್ತು ಹೋತಂದ್ರ ಸಾಲು ಹೋತು. ಒಬ್ಬ ಎರಡು ಕೂಡಿಸಿದ್ರ ಎಲ್ಲಾರೂ ಕೂಡಸ್ತಾರ. ಸ್ವಲ್ಪ ದಿನಕ್ಕ ಅಲ್ಲಿ ದೊಡ್ಡ ದೊಡ್ಡ ಗೇಟು, ಕಾರು, ನಾಯಿ. ಈಗಿರೋ ದವಾಖಾನಿ ಆಯಾ, ಸಾಲಿ ಜವಾನ, ಆಟೋ ಹೊಡಿಯೋವ ಎಲ್ಲಾರೂ ಊರ ಹೊರಗ. ಇದು ಫೋನಿನ್ಯಾಗ ಹೇಳೋ ಮಾತಲ್ಲ. ಅದಕ್ಕ, ಹೊಸದಾಗಿ ಈ ಕೆಲಸಕ್ಕ ಬಂದ ನೀವೆಲ್ಲಾ ಓದ್ರಿ ಅಂತ ಬರದೇನಿ. ನನ್ನ ಪ್ರಮೋಷನ್ ಸುದ್ದಿ ಇದರಾಗ ಇಲ್ಲ. ಸಿಕ್ಕಿದ್ದೇ ಒಂದು, ಅದೂ ನಾ ರಜಾದಾಗ ಇದ್ದಾಗ ಬಂತು.

ನಮ್ಮ ಕಾಲದಾಗ ಮೋಜಣಿ ಅಂದ್ರ ಕಬ್ಬಿಣದ ಸರಪಳಿ. ಒಂದು ತುದಿಗಿ ನಾ, ಇನ್ನೊಂದು ತುದಿಗಿ ಖಾಜಾ. ಒಬ್ಬ ಮನುಷ್ಯಾನ ಜೋಡಿ ವರ್ಷಾನಗಟ್ಟಲೆ ಒಂದೇ ಸರಪಳಿ ಹಿಡದು ಅಡ್ಡಾಡಿದ್ರ, ಅವನ ಮನಿ ಸುದ್ದಿ ಅವ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮುಂಜಾನಿ ಅವ ಸರಪಳಿ ಜಗ್ಗಿದ ಜಗ್ಗಾಟದಾಗೇ ನನಗ ಗೊತ್ತಾಗತಿತ್ತು. ಜೋರ ಜಗ್ಗಿದ್ರ ಭಾಭಿ ಬೈದು ಕಳಿಸ್ಯಾಳ. ಸಡಲ ಬಿಟ್ರ ಡಬ್ಬಿದಾಗ ಬಿರ್ಯಾನಿ ಅದ. ಈಗ ನಿಮ್ಮ ಕೈಯಾಗ ಸ್ಯಾಟಲೈಟಿಂದ ಅಳಿಯೋ ರೋವರ್ ಅದ, ಮ್ಯಾಲ ಡ್ರೋನ್ ಹಾರತದ. ಚಲೋ ಆತು, ತಪ್ಪು ಕಡಿಮಿ. ಆದ್ರ ಇನ್ನೊಂದು ತುದಿಗಿ ಯಾರೂ ಇರಂಗಿಲ್ಲ. ಅದು ಹ್ಯಾಂಗ ಸಹಿಸ್ತೀರೋ, ನನಗಂತೂ ತಿಳಿಯಂಗಿಲ್ಲ.

ನಕಾಶಿದಾಗ ಊರಿಗಿ ಬಣ್ಣ ಹಚ್ಚೋ ಕೆಲಸಾನೂ ನಂದೇ ಇತ್ತು. ಮನಿ ಕಟ್ಟೋ ಜಾಗಕ್ಕ ಹಳದಿ, ಬಜಾರಕ್ಕ ನೀಲಿ, ಹೊಲಕ್ಕ ಹಸಿರು. ಹಸಿರಿದ್ದದ್ದು ಹಳದಿ ಆತಂದ್ರ ಹೊಲದ ರೇಟು ಆಕಾಶಕ್ಕ. ಔರಾದ ಕಡಿಯ ರೈತ್ರು ಬಂದು, "ನಮ್ಮ ಹೊಲಕ್ಕ ಅರಿಶಿಣ ಹಚ್ಚಿದ್ರ್ಯಾ ಸಾಬ್ರ?" ಅಂತ ಕೇಳೋರು, ಲಗ್ನದ ಹುಡುಗಿ ಸುದ್ದಿ ಕೇಳಿದಂಗ. ಸುಳ್ಳೇನಲ್ಲ ಅದು. ಅರಿಶಿಣ ಹಚ್ಚಿದ ಮರುದಿನಾನೇ ಬಿಳಿ ಅಂಗಿ ಹಾಕ್ಕೊಂಡು ಪ್ಲಾಟ್ ಏಜೆಂಟರು ನೋಡಾಕ ಬರೋರು.

ಅದರಾಗ ಒಬ್ಬ ಗೌಡ್ರು ಬೆನ್ನೇ ಬಿಡಲಿಲ್ಲ. ಒಂದಿನ ಸಾಕಾಗಿ ಹೇಳಿದೆ, "ಗೌಡ್ರ, ಹಳದಿ ಬಣ್ಣ ಖಾಲಿ ಆಗ್ಯಾದ. ಬೆಂಗಳೂರಿಂದ ಬರಬೇಕು, ಭಾಳ ದಿನ ಆಗ್ತದ."

ಮುಂದಿನ ವಾರ ಗೌಡ್ರು ಒಂದು ದೊಡ್ಡ ಗಂಟು ತಂದು ನನ್ನ ಟೇಬಲ್ ಮ್ಯಾಲ ಇಟ್ರು. ಬಿಚ್ಚಿ ನೋಡ್ತೇನಿ, ಅರಿಶಿಣ ಪುಡಿ! "ಮನಿದೇ ಅದರಿ, ಕುಟ್ಟಿಸಿ ತಂದೇನಿ. ಬೆಂಗಳೂರದ್ದಕ್ಕಿಂತ ಚಲೋ ಅದ" ಅಂದ್ರು. ಆಫೀಸ್ ಪೂರಾ ಬಿದ್ದು ಬಿದ್ದು ನಕ್ಕಿತು. ಗೌಡ್ರಿಗಿ ಆಮ್ಯಾಲ ತಿಳೀತು, ನನ್ನ ಕಿವಿ ಹಿಂಡಿ ಹೋದ್ರು. ಆ ಹೊಲದಾಗ ಈಗ್ಲೂ ತೊಗರಿ ಬೆಳೀತಾರ. ಅರಿಶಿಣ ಖಾಜಾ ಒಯ್ದ. ಆ ತಿಂಗಳ ಅವನ ಮನಿ ಅಡಿಗಿ ಪೂರಾ ಹಳದಿ ವಲಯ ಆಗಿತ್ತು.

ಆವಾಗ ನಮಗ ಒಬ್ರು ಸಾಹೇಬ್ರಿದ್ರು, ಮೈಸೂರ ಕಡಿಯವರು. ತೆಳ್ಳನ ಮನುಷ್ಯಾ, ಮೆಲ್ಲನ ಮಾತು. ಬೀದರಕ್ಕ ವರ್ಗ ಆಗಿ ಬಂದವರೆಲ್ಲಾ ಶಿಕ್ಷಾ ಅಂತ ತಿಳಕೊಂಡು, ಪೆಟ್ಟಿಗಿ ಬಿಚ್ಚದೇ ವಾಪಸ್ ಹೋಗೋ ದಾರಿ ನೋಡೋರು. ಇವರು ಬಂದ ದಿನಾನೇ ಪೆಟ್ಟಿಗಿ ಬಿಚ್ಚಿದ್ರು. ಅಷ್ಟಕ್ಕೇ ನಾ ಬಿಡ್ತೇನ್ಯಾ? ಭಾಲ್ಕಿ ಕಡಿ ಮೋಜಣಿಗಿ ಹೋದಾಗ ಹೇಳಿದೆ, "ಸಾಹೇಬ್ರ, ಈ ಕಡಿ ಹೊಲದ ಹದ್ದಿನ ಕಲ್ಲು ನಡೀತಾವ."

"ನಡೆಯೋದು ಅಂದ್ರೆ?"

"ಕಾಲಿಲ್ಲ ಖರೆ. ಆದ್ರ ನಡೀತಾವ."

ಅರ್ಧ ಖರೇನೇ ಅದು. ಭಾಲ್ಕಿದು ಎರಿ ಭೂಮಿ. ಮಳಿಗಿ ಉಬ್ಬತದ, ಬ್ಯಾಸಗಿಗಿ ಬಿರೀತದ. ಅದರಾಗ ನಿಂತ ಕಲ್ಲು ವಾಲತದ, ಸರೀತದ. ಸಾಹೇಬ್ರು ನನ್ನ ಮುಖ ಒಂದು ಸಲ ನೋಡಿದ್ರು. "ಹಾಗಿದ್ರೆ ನೀವಿಬ್ಬರೂ ಈ ಕಲ್ಲಿನ ಹತ್ರ ಕೂತಿರಿ. ಯಾವಾಗ ನಡೆಯುತ್ತೆ ನೋಡಿ ಸಾಯಂಕಾಲ ಹೇಳಿ" ಅಂದು ಜೀಪ್ ಹತ್ತಿ ಹೋಗೇ ಬಿಟ್ರು!

ಸಾಯಗಾಂವ ದಾರಿದಾಗ, ಒಂದು ಗಿಡದ ನೆರಳೂ ಇಲ್ಲದ ಹೊಲದಾಗ ಕುಂತೇವಿ. ಖಾಜಾ ತಲಿ ಮ್ಯಾಲ ಟಾವೆಲ್ ಹಾಕ್ಕೊಂಡು ಅಂದ, "ಮಿಯಾ, ಸುಳ್ಳ ನಿಮ್ದು, ಬಿಸಲ ನಮ್ದು. ಇದು ಯಾವ ನ್ಯಾಯ?"

ಸಂಜಿಗಿ ಸಾಹೇಬ್ರು ಬಂದು, "ನಡೀತಾ?" ಅಂತ ಕೇಳಿದ್ರು.

"ನಾವು ಕುಂತೇವಂತ ನಾಚಿಕೊಂಡು ನಿಂತುಬಿಟ್ಟದ ಸಾಹೇಬ್ರ" ಅಂದೆ. ಅವತ್ತು ಅವರು ಮೊದಲ ಸಲ ನಕ್ರು. ನನ್ನ ಮಸ್ಕಿರಿಗಿ ಮಸ್ಕಿರಿಲಿಂದಾನೇ ಉತ್ತರ ಕೊಟ್ಟ ಸಾಹೇಬ್ರು ಅವರೊಬ್ಬರೇ.

ಅವರ ಕಾಲಕ್ಕೇ ಆ ಮೈಲೂರ ಕಡಿಯ ಲೇಔಟ್ ಬಂತು. ಹೊಲದ ಮಾಲಕ ದೊಡ್ಡ ಪ್ಲಾಟ್ ಅಷ್ಟೇ ಹಾಕಿ ನಕಾಶಿ ತಂದಿದ್ದ. ಮೂವತ್ತು-ಐವತ್ತು, ನಲವತ್ತು-ಅರವತ್ತು. ಸಾಹೇಬ್ರು ನೋಡಿ, "ಈ ಮನೆಗಳಲ್ಲಿ ಪಾತ್ರೆ ತೊಳೆಯೋರು, ಆಸ್ಪತ್ರೆಯಲ್ಲಿ ಕೆಲಸ ಮಾಡೋರು ಎಲ್ಲಿರ್ತಾರೆ? ಹಿಂದಿನ ಒಂದು ಸಾಲು ಸಣ್ಣ ಪ್ಲಾಟ್ ಹಾಕಿ" ಅಂದ್ರು. ಮಾಲಕ ಹೌಹಾರಿದ. ದೊಡ್ಡ ಪ್ಲಾಟಿಗಿ ಮುಂಗಡ ಕೊಟ್ಟವರು ಅವನಕಿಂತ ಜಾಸ್ತಿ ಹೌಹಾರಿದ್ರು. ಆಕ್ಷೇಪಣಾ ಸಭಾ ಕರದ್ರು.

ಸಭಾದಾಗ ಎದ್ದು ನಿಂತವರು ರಿಟೈರ್ ಆದ ಒಬ್ರು ಹೆಡ್ ಮಾಸ್ತರ್ರು. ಅರ್ಧ ಊರಿಗಿ ಕಲಿಸಿದವರು, ಅವರ ಮುಂದ ಯಾರೂ ಉಸಿರ ಬಿಡಂಗಿಲ್ಲ. "ಬಡವರ ಮ್ಯಾಲಿನ ಕರುಣಾದಿಂದಾನೇ ಹೇಳತೇನಿ. ಇಪ್ಪತ್ತು-ಮೂವತ್ತು ಅಂದ್ರ ಅದು ಮನೀನಾ? ಕೋಳಿ ಗೂಡು! ಅದರಾಗ ಸಂಸಾರ ಮಾಡಾಕ ಬರ್ತದೇನು? ನಾಳಿ ಅವರ ಒಲಿ, ಹಾಸಿಗಿ ಎಲ್ಲಾ ರಸ್ತೆಕ್ಕ ಬರ್ತಾವ. ಕಾಲೋನಿ ಕೆಡತದ."

ಹಿಂದಿನಿಂದ ಒಂದು ಹೆಣ್ಣದನಿ ಬಂತು. "ಗುರುಗಳ, ನಾ ಈಗ ಕಿರಾಯಿಗಿ ಇರೋ ಖೋಲಿ ನೋಡೀರೇನ್ರಿ? ಕಾಲ ಚಾಚಿದ್ರ ಬಾಗಲ ತಗೀತದ."

ಅಕೀನೇ ಶಾಂತಾಬಾಯಿ. ದವಾಖಾನಿದಾಗ ಆಯಾ. ಸಾಯಗಾಂವದ ಬೌದ್ಧರ ಮನಿ ಮಗಳು, ಗಂಡ ಇಲ್ಲ, ಒಂದು ಸಣ್ಣ ಕೂಸು. ಊರ ಆ ತುದಿಯಿಂದ ಈ ತುದಿಗಿ ದಿನಾ ನಡದು ಬಂದು ಡ್ಯೂಟಿ ಮಾಡತಿದ್ಲು. ಅಕಿ ಮಾತಿಗಿ ಸಭಾ ನಕ್ಕಿತು, ಆದ್ರ ಹೆಡ್ ಮಾಸ್ತರ್ರು ಸಡಲಲಿಲ್ಲ. ಸಾಹೇಬ್ರು, "ಮುಂದಿನ ಸಭೆ ಹೊಲದಲ್ಲೇ ಮಾಡೋಣ" ಅಂದು ಎದ್ರು. ಹೊರಗ ಬಂದು ನನ್ನ ಕಿವಿಗಿ, "ಸುಳ್ಳು ಹೇಳೋದ್ರಲ್ಲಿ ನೀವು ಗಟ್ಟಿಗರು. ಇಲ್ಲದ ಮನೆಯನ್ನ ಇದೆ ಅಂತ ತೋರಿಸೋಕಾಗುತ್ತಾ?" ಅಂದ್ರು.

ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗ ಯಾರೂ ಕೊಟ್ಟಿಲ್ಲ.

ಮರುದಿನ ಬಿಸಲ ಏರೋ ಮುಂಚೆ ನಾನೂ ಖಾಜಾನೂ ಎರಡು ಚೀಲ ಸುಣ್ಣ ತಗೊಂಡು ಹೊಲಕ್ಕ ಹೋದೇವಿ. ಬೀದರದ ಕೆಂಪ ಮಣ್ಣಿನ ಮ್ಯಾಲ ಬಿಳಿ ಸುಣ್ಣ ಹೊಡದ್ರ ಹ್ಯಾಂಗ ಕಾಣ್ತದ ಗೊತ್ತೇನು? ಕಂಪ್ಯೂಟರಿನ್ಯಾಗ ಅದು ಬರಂಗಿಲ್ಲ ಬಿಡ್ರಿ. ಹಗ್ಗ ಕಟ್ಟಿ, ಇಪ್ಪತ್ತು-ಮೂವತ್ತರಾಗ ಒಂದು ಪೂರಾ ಮನಿ ಗೆರಿ ಹೊಡದೆ. ಮುಂದ ಪಡಸಾಲಿ, ಅದರ ಹಿಂದ ಅಡಿಗಿ ಮನಿ, ಬಾಜೂಕ ಮಲಗೋ ಖೋಲಿ, ಹಿತ್ತಲದಾಗ ಬಚ್ಚಲ. ಬಾಗಲ ಇದ್ದಲ್ಲಿ ಗೆರಿ ಬಿಟ್ಟೆ.

ಮೊದಲು ಶಾಂತಾಬಾಯಿ ಬಂದ್ಲು. ಹಿಂಗ ಮಾಡು ಅಂತ ಯಾರೂ ಹೇಳಿದ್ದಿಲ್ಲ. ಗೆರಿ ಬಿಟ್ಟ ಜಾಗಾದ ಮುಂದ ಬಂದು ಚಪ್ಪಲಿ ಬಿಟ್ಟು, ಬಲಗಾಲ ಒಳಗ ಇಟ್ಲು. ನಡುವ ನಿಂತು ನಾಕೂ ಕಡಿ ನೋಡಿದ್ಲು. "ಬುದ್ಧನ ಫೋಟೋ ಈ ಗ್ವಾಡಿಗಿ" ಅಂದ್ಲು. ಗ್ವಾಡಿ ಎಲ್ಲದ? ಅಕಿಗಿ ಕಾಣತಿತ್ತು.

ಖಾಜಾ ತನ್ನ ಹೆಂಡತಿನೂ ಕರಕೊಂಡು ಬಂದಿದ್ದ. ಜುಬೇದಾ ಭಾಭಿ ಅಡಿಗಿ ಮನಿಗಿ ಹೋಗಿ ಸೊಂಟಕ್ಕ ಕೈ ಇಟ್ಟು ನಿಂತ್ಲು. "ಒಲಿ ಇಲ್ಲಿ ಇಟ್ರ ಹೊಗಿ ಎಲ್ಲಿ ಹೋಗಬೇಕು? ಕಿಡಕಿ ಎಲ್ಲದ? ಹೆಂಗಸರ ಕೇಳದೇ ಮನಿ ಮಾಡ್ತೀರಿ, ಅದಕ್ಕೇ ಹಿಂಗ!" ಖಾಜಾ ದೌಡಾಯಿಸಿ ಕಾಲಿಂದ ಸುಣ್ಣ ಅಳಿಸಿ ಕಿಡಕಿ ಮಾಡಿಕೊಟ್ಟ. ಗಾಳಿ ಬಂದಂಗ ಆತು ಭಾಭಿಗಿ, ಸೆರಗಿನಿಂದ ಮುಖ ಒರಸಿಕೊಂಡ್ಲು.

ಅಷ್ಟರಾಗ ಸಾಹೇಬ್ರು, ಮಾಲಕ, ಹೆಡ್ ಮಾಸ್ತರ್ರು, ಅವರ ಹಿಂದ ಮುಂಗಡ ಕೊಟ್ಟವರು ಎಲ್ಲಾ ಬಂದ್ರು. ಮಾಸ್ತರ್ರು ಸಿಟ್ಟಿಲಿಂದ, "ಎಲ್ಲದ ನಿಮ್ಮ ಮನಿ?" ಅನ್ಕೋತ ನೆಟ್ಟಗ ಸುಣ್ಣದ ಗೆರಿ ದಾಟಿ ನಡುವ ಬಂದು ನಿಂತ್ರು.

ಶಾಂತಾಬಾಯಿ ಚೀರಿದ್ಲು, "ಅಯ್ಯ ಗುರುಗಳ! ಗ್ವಾಡಿ ದಾಟಿ ಬಂದ್ರಲ್ರಿ! ಬಾಗಲ ಆ ಕಡಿ ಅದ!"

"ತಪ್ಪಾತವ್ವಾ, ತಪ್ಪಾತು" ಅಂದ್ರು ಮಾಸ್ತರ್ರು. ಗಡಬಡಿಸಿ ಹಿಂದಕ್ಕ ಹೋಗಿ, ಸುತ್ತ ಹಾಕ್ಕೊಂಡು ಬಾಗಲ ಮುಂದ ಬಂದು, ಶಾಂತಾಬಾಯಿ ಚಪ್ಪಲಿ ಬಾಜೂಕ ತಮ್ಮ ಚಪ್ಪಲಿ ಬಿಟ್ಟು, ಬಗ್ಗಿ ಒಳಗ ಬಂದ್ರು. ಹೌದ್ರೀ, ಬಗ್ಗಿ! ಬಾಗಲ ಸಣ್ಣದು ಅಂತ ತಲಿ ಬಗ್ಗಿಸಿದ್ರು! ಒಳಗ ಬಂದ ಮ್ಯಾಲ ಅವರಿಗಿ ತಾವು ಮಾಡಿದ್ದೇನು ಅಂತ ಹೊಳೀತು.

ಸಾಹೇಬ್ರು ಮೆಲ್ಲಗ, "ಮೇಷ್ಟ್ರೇ, ಇದು ಮನೆ ಅಂತ ನೀವೇ ಒಪ್ಕೊಂಡ್ರಲ್ಲ" ಅಂದ್ರು.

ಮಾಸ್ತರ್ರು ದೊಡ್ಡ ಮನುಷ್ಯಾ. ನಕ್ಕುಬಿಟ್ರು. ಪಡಸಾಲಿ ಮಣ್ಣಾಗೇ ಪದ್ಮಾಸನ ಹಾಕಿ ಕುಂತು, "ಕುಂದರಾಕ ಜಾಗ ಅದ ಬಿಡ್ರಿ. ಚಾ ಎಲ್ಲವ್ವಾ?" ಅಂದ್ರು.

ಮಾಲಕನೂ ನಕ್ಕ. ಅವನ ನಗು ಭಾಭಿಗಿ ಸೇರಲಿಲ್ಲ. ಕಿಡಕಿಯಾಗಿಂದಾನೇ ಕೂಗಿ ಕೇಳಿದ್ಲು, "ಸಾಬ್, ನಾಳಿ ಈ ಮುಂಗಡ ಕೊಟ್ಟವರೇ ಎರಡೆರಡು ತಗೊಂಡು ನಡುವಿನ ಗ್ವಾಡಿ ಒಡದ್ರ?" ಮಾಲಕನ ನಗು ಅಲ್ಲಿಗೇ ನಿಂತಿತು. ಸಾಹೇಬ್ರು ಹೌದು ಅನ್ನೋ ಹಂಗ ಗೋಣ ಹಾಕಿದ್ರು. ಮಂಜೂರಿದಾಗ ಆ ಶರತ್ತು ಬಂದದ್ದು ಹಿಂಗ ತಮ್ಮಾ. ನನ್ನ ಹುಚ್ಚಿಲಿಂದಲ್ಲ.

ಸಾಹೇಬ್ರಿಗಿ ಜಲ್ದೀನೇ ವರ್ಗ ಆತು. ಖಾಜಾ, ಶಾಂತಾಬಾಯಿ ಆ ಸಾಲಿನ್ಯಾಗೇ ಬಾಜೂ-ಬಾಜೂಕ ಮನಿ ಕಟ್ಟಿದ್ರು. ರಿಟೈರ್ ಆದ ಮ್ಯಾಲೂ ನಾ ಸಂಜಿ ಆತಂದ್ರ ಖಾಜಾನ 'ಕಿಡಕಿ ಮನಿ' ಮುಂದ ಹಾಜರ್. ಅವ ತೀರಿಕೊಂಡ ಮ್ಯಾಲೂ ನನ್ನ ಕಾಲ ತಾವೇ ಆ ಕಡಿ ಹೋಗೋವು.

ಈಗ ಭಾಭೀನೇ ಶರತ್ತು ತಗೀರಿ ಅಂದಾಳ. ಫೋನ್ ಇಟ್ಟವನೇ ಹೋದೆ.

"ಏನ್ರಿ ಭಾಭಿ ಇದು? ನಿಮ್ಮ ಮಾತಿಗೇ ಸಾಹೇಬ್ರು ಅದನ್ನ ಹಾಕಿದ್ದು!"

"ಆವಾಗ ನನ್ನ ಮೊಣಕಾಲ ಗಟ್ಟಿ ಇದ್ವು ಭಾಯಿ" ಅಂದ್ಲು. ಹೈದರಾಬಾದದಾಗ ಇರೋ ಮಗಳು ಬಾ ಬಾ ಅಂತಾಳ. ಈ ಮನಿ ಮಾರಿದ್ರ ಮಗಳ ಮನಿ ಹತ್ತಿರ ತನ್ನದೇ ಒಂದು ಖೋಲಿ ಆಗ್ತದ. ಡಾಕ್ಟರ್ ಒಳ್ಳೆ ರೇಟು ಕೊಡ್ತಾನ. ಆ ಕಡಿ ಬಾಜೂಕಿನ ಟೇಲರ್ ಮನಿ ಆಗ್ಲೇ ಅವ ತಗೊಂಡಾನ. ಎರಡೂ ಕೂಡಿಸಿ ದವಾಖಾನಿ ಕಟ್ಟಬೇಕಂತ. ಶರತ್ತು ಇದ್ರ ಅವಗ ಈ ಮನಿ ಬ್ಯಾಡ.

ನಾ ಭಾಷಣ ಶುರು ಮಾಡಿದೆ. ಸಾಲು, ಸಾಹೇಬ್ರು, ಬಡವರು, ಖಾಜಾ. ಭಾಭಿ ಪೂರಾ ಕೇಳಿಸಿಕೊಂಡ್ಲು.

"ನಿಮ್ಮ ಮನಿ ಎಷ್ಟದ ಭಾಯಿ?"

"...ಮೂವತ್ತು-ಐವತ್ತು."

"ಹಾಂ. ಸಣ್ಣ ಮನಿ ಉಳೀಬೇಕು ಅಂತ ದೊಡ್ಡ ಮನಿಯವರು ಹೇಳಿದ್ರ ಕೇಳಾಕ ಭಾಳ ಚಂದ ಇರ್ತದ."

ನನ್ನ ಬಾಯಿ ಮುಚ್ಚಿಸಿದವರು ಜಿಲ್ಲಾದಾಗ ಭಾಳ ಮಂದಿ ಇಲ್ಲ. ಚಾ ಕುಡದು ಎದ್ದೆ.

ಗೇಟಿನ ಹತ್ತಿರ ಶಾಂತಾಬಾಯಿ ನಿಂತಿದ್ಲು. ಅಕಿದೂ ತಲಿ ಬೆಳ್ಳಗಾಗ್ಯಾದ. "ಅಕಿ ಮನಿ, ಅಕಿ ಮಾರ್ತಾಳ ಅಣ್ಣಾ. ನಾ ಬ್ಯಾಡ ಅನ್ನಾಕ ಬರಂಗಿಲ್ಲ. ಆದ್ರ ದವಾಖಾನಿ ಎದ್ದು ನಿಂತ್ರ ನಾಳಿ ಒಂದೊಂದು ಮನಿಗೂ ಗಿರಾಕಿ ಬರ್ತಾವ. ನನ್ನ ಮಗಳು ನರ್ಸ್ ಆದ್ಲು, ನನ್ನ ಹತ್ತಿರಾನೇ ಮನಿ ಬೇಕಂತ ಹುಡುಕಾಡಾಕತ್ಯಾಳ. ಇಂಥಾ ಸಣ್ಣ ಮನಿ ಎಲ್ಲದ ಈಗ? ಬಗದಲ್ ರಸ್ತೆ ತನಕ ಹೋಗಿ ನೋಡಿ ಬಂದ್ಲು. ಅಲ್ಲಿ ನೀರಿಲ್ಲ, ಗಟಾರ ಇಲ್ಲ, ಮಂಜೂರಿ ಇಲ್ಲ, ರಿಜಿಸ್ಟ್ರಿ ಇಲ್ಲದೇ ಬರೇ ಬಾಂಡ್ ಪೇಪರ್ ಮ್ಯಾಲ ಪ್ಲಾಟ್ ಮಾರ್ತಾರ."

"ಭಾಭಿ ಮನೀನೇ ಕೇಳಬೇಕಿಲ್ಲೇನು?"

"ಡಾಕ್ಟರ್ ಕೊಡೋ ಅಷ್ಟು ನಾವೆಲ್ಲಿಂದ ತರಾಮು? ಕೇಳಾಕೇ ನಾಚಿಕಿ."

ನಾಕಾರು ದಿನ ಆದ ಮ್ಯಾಲ ಭಾಭಿ ಫೋನ್ ಬಂತು. "ಆಟೋ ತಗೊಂಡು ಬರ್ರಿ. ಆಫೀಸಿಗಿ ಹೋಗೂದದ."

ಆಟೋದಾಗ ಹೇಳಿದ್ಲು. ಡಾಕ್ಟರ್ ಕಡಿಯಿಂದ ಮನಿ ಅಳಿಯಾಕ ಒಬ್ಬ ಬರ್ತಾನ ಅಂತ ಸುದ್ದಿ ಬಂದಿತ್ತಂತ. ಖಾಜಾ ಇದ್ದಾಗ ಒಂದು ಪದ್ಧತಿ ಇತ್ತು. ಯಾರ ಮನೀನೇ ಇರಲಿ, ಒಳಗ ಹೋಗಿ ನೀರು ಕುಡಿಯದೇ ಸರಪಳಿ ಬಿಚ್ಚತಿದ್ದಿಲ್ಲ. ಭಾಭಿ ಅದೇ ನೆನಪಿನ್ಯಾಗ ಮನಿ ಸಾರಿಸಿ, ಚಾ ಮಾಡಿ, ಬಿಸ್ಕೀಟ್ ಇಟ್ಟು ಕುಂತಿದ್ಲು. ಬಂದವ ರಸ್ತೆದಾಗೇ ನಿಂತ. ಕೋಲ ಊರಿದ, ಮಷಿನ್ ಒತ್ತಿದ, ಮ್ಯಾಲ ಒಂದು ಡ್ರೋನ್ ಹಾರಿಸಿದ. ಭಾಭಿ ಬಾಗಲಕ್ಕ ಬಂದು, "ಒಳಗ ಬಾ ಬೇಟಾ" ಅಂದ್ರ, "ಬ್ಯಾಡ್ರಿ ಅಮ್ಮಾ, ಆಗಿಹೋತು" ಅಂದ. ಇಲ್ಲೇನು ಕಟ್ತಾರ ಅಂತ ಕೇಳಿದ್ದಕ್ಕ ದವಾಖಾನಿ ನಕಾಶಿ ಮೊಬೈಲಿನ್ಯಾಗ ತೋರಿಸಿದ. ಭಾಭಿ ಪಡಸಾಲಿ ಮ್ಯಾಲ ಕಾರು ನಿಂದ್ರಸೋ ಜಾಗ ಅಂತ ಗೆರಿ ಬಿದ್ದಿತ್ತು.

ಆಫೀಸಿನ್ಯಾಗ ಫೋನ್ ಮಾಡಿದ್ದ ಅದೇ ಹುಡುಗ ಕುಂತಿದ್ದ. ಭಾಭಿ ಅವನ ಮುಂದ ನಿಂತು, "ಅರ್ಜಿದಾಗ ನನ್ನ ಹೆಸರದಲ್ಲ ಬೇಟಾ, ಅದನ್ನ ಹೊಡದ ಹಾಕು" ಅಂದ್ಲು.

"ಯಾಕ್ರಿ ಅಮ್ಮಾ? ಮನಿ ಮಾರಂಗಿಲ್ಲೇನ್ರಿ?"

"ಮನಿ ಮಾರ್ತೀನಿ. ಪಾರ್ಕಿಂಗ್ ಮಾರ್ತೀನಿ ಅಂತ ಯಾವಾಗ ಹೇಳಿದ್ದೆ?"

ಹೊರಗ ಬಂದು ಮೆಟ್ಟಲ ಇಳಿಯುವಾಗ ನನ್ನ ತೋಳ ಹಿಡಕೊಂಡು ಅಂದ್ಲು, "ನಿಮ್ಮ ಭಾಷಣಕ್ಕಲ್ಲ ಭಾಯಿ. ಊರ ತುಂಬ ಬಡಾಯಿ ಹೊಡೀಬ್ಯಾಡ್ರಿ."

ಭಾಭಿ ಶಾಂತಾಬಾಯಿ ಮಗಳಿಗೇ ಮನಿ ಕೊಟ್ಲು. ಧರ್ಮಕ್ಕೇನು ಕೊಡಲಿಲ್ಲ. ಭಾಭಿ, ಶಾಂತಾಬಾಯಿ ಇಬ್ಬರೂ ಅಂಗಳದಾಗ ಕುಂತು ಓಣಿಗಿ ಕೇಳೋ ಹಂಗ ಕೂಗಾಡಿ ವ್ಯವಹಾರ ಮುಗಿಸಿದ್ರು. ನಡುವ ಬಾಯಿ ಹಾಕಿದ ನನಗ ಇಬ್ಬರೂ ಕೂಡಿ ಬೈದ್ರು. ಕೂಡಿಸಾಕ ಬಾಜೂಕಿನ ಪ್ಲಾಟ್ ಇಲ್ಲದ್ದಕ್ಕ ಡಾಕ್ಟರನ ಅರ್ಜಿ ಅಲ್ಲಿಗೇ ಬಿತ್ತು, ಶರತ್ತು ಉಳೀತು. ಭಾಭಿಗಿ ಡಾಕ್ಟರ್ ಕೊಡೋದಕ್ಕಿಂತ ಕಡಿಮೀನೇ ಬಂತು. ಹೈದರಾಬಾದದಾಗ ತನ್ನದೇ ಖೋಲಿ ಅನ್ನೋದು ಆಗಲಿಲ್ಲ, ಮಗಳ ಮನ್ಯಾಗ ಒಂದು ಮೂಲಿ ಸಿಕ್ಕದ. ಸಾಲು ಉಳದದ್ದಕ್ಕ ಅದರ ಬೆಲಿ ಕೊಟ್ಟಾಕಿ ಭಾಭಿ. ನಾನಲ್ಲ, ಸಾಹೇಬ್ರಲ್ಲ. ನಿಮ್ಮ ಟೇಬಲಿಗಿ ಇಂಥಾ ಅರ್ಜಿ ಬಂದಾಗ ನಕಾಶಿ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲು ಆ ಮನಿ ಒಳಗ ಹೋಗಿ ಕುಂದರ್ರಿ.

ಹೋದ ವಾರ ಭಾಭಿಗಿ ರೈಲು ಹತ್ತಿಸಿ ಬಂದೆ.

ನಾ ಈಗ್ಲೂ ಸಂಜಿಗಿ ಆ ಕಡಿ ಹೋಗ್ತೇನಿ. ಶಾಂತಾಬಾಯಿ ಮಗಳು ಭಾಳ ಒಳ್ಳೆ ಹುಡುಗಿ. ಖುರ್ಚಿ ಒರಸಿ ಕೊಡ್ತಾಳ, ಚಲೋ ಕಪ್ಪಿನ್ಯಾಗ ಚಾ ಕೊಡ್ತಾಳ. ನಿನ್ನಿ ಹೇಳಿದೆ, "ತಂಗಿ, ಈ ಮನಿ ಪಾಯಾ ತೋಡುವಾಗ ಬಹಮನಿ ಸುಲ್ತಾನನ ಹುಕ್ಕಾ ಸಿಕ್ಕಿತ್ತು. ನಾನೂ ಖಾಜಾನೂ ಎರಡು ದಮ್ಮು ಎಳದು ಮತ್ತ ಮುಚ್ಚಿಬಿಟ್ಟೇವಿ."

"ಹೌದಾ ಅಜ್ಜಾ?" ಅಂತ ಕಣ್ಣು ಅರಳಿಸಿ ಕೇಳಿದ್ಲು. ನಂಬಿಬಿಟ್ಲು.

ಖಾಜಾ ಇದ್ದಿದ್ರ ತೊಡಿ ಬಡದು ನಗತಿದ್ದ. ಭಾಭಿ ಇದ್ದಿದ್ರ ಒಳಗಿನಿಂದಾನೇ, "ಝೂಟ! ಪೂರಾ ಝೂಟ! ನಂಬಬ್ಯಾಡ ಬೇಟಿ!" ಅಂತ ಕೂಗತಿದ್ಲು. ನಾ ಅಡಿಗಿ ಮನಿ ಕಡಿ ನೋಡಿದೆ. ಒಳಗ ಕುಕ್ಕರ್ ಸೀಟಿ ಹೊಡೀತು, ಅಷ್ಟೇ.